ಕುಂಕುಮದ ಕೆಳಗಿನ ಗೀರು

ನಾನು ಹುಟ್ಟಿದ್ದು ಬೆಂಕಿಯಲ್ಲಿ. ತಗಡನ್ನು ಒತ್ತಿ, ಬೆಸೆದು, ಮೈತುಂಬ ಬಿಳಿ ಬಣ್ಣ ಹೊಡೆದು, ಒಲೆಯಂಥ ಕೋಣೆಯಲ್ಲಿ ನನ್ನನ್ನು ಬೇಯಿಸಿದರು. ಹೊರಗೆ ಬಂದಾಗ ಮೈಮೇಲೆ ಕೂದಲೆಳೆಯಷ್ಟು ಗೀರೂ ಇರಲಿಲ್ಲ. ನಾನು ಒಂದು ಸಣ್ಣ ಕಾರು. ನಾನು ಹೇಳಹೊರಟಿರುವುದು ಒಂದು ಗೀರಿನ ಸಂಗತಿ. ಸಿಟ್ಟಿಲ್ಲದೆ ಅದನ್ನು ಹೇಳಲು ನನಗೆ ಇನ್ನೂ ಬಂದಿಲ್ಲ.

ಮೊದಲು ನನ್ನನ್ನು ಕೊಂಡವರು ಗದಗಿನ ಒಬ್ಬ ಹಲ್ಲಿನ ಡಾಕ್ಟರು. ರೋಗಿಯ ಬಾಯಿ ನೋಡಿದಷ್ಟೇ ಜತನದಿಂದ ನನ್ನ ಮೈ ನೋಡುತ್ತಿದ್ದರು. ದೊಡ್ಡ ಗಾಡಿ ಬಂದ ಮೇಲೆ ನನ್ನನ್ನು ನಲ್ಲಿ, ಪೈಪುಗಳ ಅಂಗಡಿಯ ಚನ್ನವೀರಪ್ಪನಿಗೆ ಕೊಟ್ಟರು.

ಚನ್ನವೀರಪ್ಪ ಕೊಂಡ, ಓಡಿಸಿದವಳು ಅವನ ಹೆಂಡತಿ ಶಕುಂತಲಾ. ಆಕೆ ಮನೆಯಲ್ಲಿ ಖಡಕ್ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ರೊಟ್ಟಿಯ ಕಟ್ಟುಗಳನ್ನು ನನ್ನ ಹಿಂದಿನ ಸೀಟಿನ ಮೇಲೆ ಹಳೆಯ ಕೌದಿ ಹಾಸಿ ಇಡುತ್ತಿದ್ದಳು. ತಗ್ಗು ಬಂದರೆ ನನ್ನನ್ನು ಮೆಲ್ಲಗೆ ಇಳಿಸುತ್ತಿದ್ದಳು. ಒಂದು ರೊಟ್ಟಿಯೂ ಮುರಿಯುತ್ತಿರಲಿಲ್ಲ. ಗಂಡ ಓಡಿಸಿದರೆ ಒಂದೂರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಗೇರಿನ ಹಲ್ಲು ಗಡಗಡ ಅನ್ನುತ್ತಿದ್ದವು.

ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಗೇಟು ಕಿರಿದು. ಅದರೊಳಗಿಂದ ಗಾಡಿ ತೆಗೆಯುವುದು ಹೆಂಗಸರ ಕೈಲಾಗದು ಎಂದು ಚನ್ನವೀರಪ್ಪ ತೀರ್ಮಾನಿಸಿದ್ದ. ಬೆಳಿಗ್ಗೆ ಅವನೇ ನನ್ನನ್ನು ಹೊರಗೆ ತಂದು ರಸ್ತೆಯಲ್ಲಿ ಕೀಲಿ ಕೊಡುತ್ತಿದ್ದ. ಸಂಜೆ ಆಕೆ ರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಹೊಡೆಯಬೇಕು, ಅವನು ಬಂದು ಒಳಗೆ ಹಾಕಬೇಕು. ಇಡೀ ಊರು ಸುತ್ತಿ ಬಂದವಳಿಗೆ ಆರಡಿಯ ಗೇಟು ನಿಷಿದ್ಧ!

ಮಹಾನವಮಿಯ ಹಿಂದಿನ ದಿನ ಅವನು ಮೊಬೈಲಿನಲ್ಲಿ ಯಾರನ್ನೋ ಬೈಯುತ್ತ ನನ್ನನ್ನು ಹಿಂದಕ್ಕೆ ತೆಗೆದ. ನನ್ನ ಎಡಗಡೆಯ ಹಿಂಬದಿ ಗೇಟಿಗೆ ಕರ್ರನೆ ಉಜ್ಜಿತು. ಇಳಿದು ನೋಡಿದ. ಬೀದಿಯ ಆ ಕಡೆ ಈ ಕಡೆ ನೋಡಿದ. ಯಾರೂ ಇರಲಿಲ್ಲ. ಒಂದು ಹಿಡಿ ಮಣ್ಣು ತೆಗೆದು ಗೀರಿಗೆ ಮೆತ್ತಿ, ಏನೂ ಆಗದವನ ಹಾಗೆ ಹೆಂಡತಿಯನ್ನು ಕರೆದು ಕೀಲಿ ಕೊಟ್ಟ.

ಸಂಜೆ ಆಕೆ ಬಂದಾಗ ಕತ್ತಲಾಗುತ್ತಿತ್ತು. ಅವನು ನನ್ನ ಸುತ್ತ ಒಂದು ಸುತ್ತು ಬಂದು, ಓಣಿಗೆಲ್ಲ ಕೇಳುವಂತೆ ಕೂಗಿದ.

"ಏ ಶಕುಂತಲಾ, ಎಲ್ಲಿ ಉಜ್ಜಿಕೊಂಡು ಬಂದೀಯವಾ ಇದನ್ನ?"

"ನಾನೇನ್ರೀ? ನನಗ ಸಪ್ಪಳಾನ ಕೇಳಿಲ್ಲಲ್ಲ..."

"ಕೇಳತೈತಿ ಹೆಂಗ? ಕಣ್ಣು ರೊಟ್ಟಿ ಮ್ಯಾಲೆ, ಕಿವಿ ರೊಟ್ಟಿ ಮ್ಯಾಲೆ. ತಾ ಕೀಲಿ."

ಆಕೆ ಬಗ್ಗಿ ನೋಡಿದಳು. ಮಣ್ಣು ಮೆತ್ತಿದ ಗೀರು, ಮುಸ್ಸಂಜೆ. ಏನು ಕಾಣಬೇಕು? "ಖಾನಾವಳಿ ಮುಂದ ಯಾವದರ ಬೈಕು ತಾಗಿತೇನೋ," ಎಂದು ಸಣ್ಣ ದನಿಯಲ್ಲಿ ಅಂದುಕೊಂಡಳು. ನನಗೆ ಮೈ ಉರಿದದ್ದು ಅಲ್ಲಿಯೇ. ಮಾಡದ ತಪ್ಪನ್ನು ಆಕೆ ತನ್ನೊಳಗೇ ಹುಡುಕತೊಡಗಿದ್ದಳು. ನನಗೆ ಹಾರ್ನ್ ಇದೆ, ಬಾಯಿಲ್ಲ.

ಮರುದಿನ ಪೂಜೆ. ಬಾನೆಟ್ಟಿಗೆ ಹಚ್ಚುವ ವಿಭೂತಿ, ಕುಂಕುಮವನ್ನು ಅವನು ಗೀರಿನ ಮೇಲೂ ದಪ್ಪಗೆ ಮೆತ್ತಿದ. ಪಕ್ಕದ ಮನೆಯ ಮುದುಕಿ ಗುರುಸಿದ್ದವ್ವ ನಕ್ಕಳು.

"ಅಲ್ಲೋ ಚನ್ನವೀರ, ಕುಂಡಿಗೆ ಯಾರರ ಕುಂಕುಮ ಹಚ್ಚತಾರೇನೋ?"

"ದೃಷ್ಟಿ ಆಗೇತಿ ಅಬೇ. ಅಲ್ಲೇ ಹಚ್ಚಬೇಕು."

ಅಂದಿನಿಂದ ಅಮಾವಾಸ್ಯೆಗೊಮ್ಮೆ ಅದರ ಮೇಲೆ ಹೊಸ ಕುಂಕುಮ ಬೀಳುತ್ತಿತ್ತು. ಅಲ್ಲಿ ನೀರು ಹಾಕಬಾರದು, ಒರೆಸಬಾರದು ಎಂದು ಅಪ್ಪಣೆ. ಜನ ಅವನ ಭಕ್ತಿಯನ್ನು ಹೊಗಳಿದರು. ಒದ್ದೆ ಕುಂಕುಮದ ಅಂಚಿನಲ್ಲಿ ನನಗೆ ತುಕ್ಕು ಹಿಡಿಯತೊಡಗಿತು.

ಕೀಲಿ ಮತ್ತೆ ಕೈಗೆ ಬರದೆ ಶಕುಂತಲಾ ರೊಟ್ಟಿಯನ್ನು ಆಟೋದಲ್ಲಿ ಒಯ್ದಳು. ಆಟೋದ ಕುಲುಕಾಟಕ್ಕೆ ಅರ್ಧಕ್ಕರ್ಧ ಚೂರಾಗುತ್ತಿದ್ದವು. ಖಾನಾವಳಿಯವರು ಒಬ್ಬೊಬ್ಬರಾಗಿ ಬೇಡವೆಂದರು. ಚೂರುಗಳ ಚೀಲ ಹೊತ್ತು ಆಕೆ ನನ್ನ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ.

ಕೊನೆಗೆ ಚನ್ನವೀರಪ್ಪ ನನ್ನನ್ನು ಮಾರಲು ನಿಶ್ಚಯಿಸಿದ. ಮಾರುವ ಮೊದಲು ಗೀರು, ಚಕ್ಕೆ ಎದ್ದ ಬಣ್ಣ ಎಲ್ಲ ಸರಿಮಾಡಿಸಬೇಕಲ್ಲ. ಪೇಂಟರ್ ದಾವಲಸಾಬನ ಶೆಡ್ಡಿಗೆ ಹೊರಟಾಗ, ಉಳಿದೊಂದು ಖಾನಾವಳಿಗೆ ಹೋಗಬೇಕಿದ್ದ ಶಕುಂತಲಾ ಕೂಡ ರೊಟ್ಟಿ ಕಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಳು.

ದಾವಲಸಾಬ ಕುಂಕುಮದ ಗಡ್ಡೆ ನೋಡಿ ಹೌಹಾರಿದ. "ಏನ್ ಸಾವ್ಕಾರ್ರ, ಗಾಡಿಗೆ ಸೀಮಂತ ಮಾಡೀರೇನು?" ಎಂದವನೇ ಒಂದು ಚೊಂಬು ನೀರು ಹೊಯ್ದು ಬಟ್ಟೆಯಿಂದ ಉಜ್ಜಿದ.

ಕುಂಕುಮ ಇಳಿಯಿತು. ಮಣ್ಣೂ ಇಳಿಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಬಿಳಿ ಮೈಮೇಲೆ ಮೊಣಕೈ ಉದ್ದದ ಹಸಿರು ಪಟ್ಟೆ ಹೊಳೆಯಿತು.

ಶಕುಂತಲಾ ಕೆಳಗಿಳಿದು ಅದರ ಮೇಲೆ ಬೆರಳಾಡಿಸಿದಳು. "ಇದು ನಮ್ಮ ಗೇಟಿನ ಬಣ್ಣ."

"ಊರಾಗಿನ ಗೇಟೆಲ್ಲಾ ಹಸಿರ ಇರತಾವ," ಎಂದ ಚನ್ನವೀರಪ್ಪ.

"ಇರವಲ್ದ್ಯಾಕ. ಯಾವ ಗೇಟಿನಾಗರ ನಾ ಗಾಡಿ ಹೊಡದೇನೇನ್ರೀ? ನೀವು ಹೊಡಿಯಾಕ ಬಿಟ್ಟೀರೇನು?"

ಅವನು ಕೆಮ್ಮಿದ. ಮೊಬೈಲು ತೆಗೆದ. ಯಾರೂ ಫೋನ್ ಮಾಡಿರಲಿಲ್ಲ.

"ನಾ ನನ್ನ ಕಣ್ಣನ್ನ ನಂಬಲಿಲ್ಲ," ಎಂದಳು ಶಕುಂತಲಾ. "ರಾತ್ರಿ ಮಲಗಿ ಎಲ್ಲಿ ತಾಗಿತು, ಎಲ್ಲಿ ತಾಗಿತು ಅಂತ ಹುಡುಕೇನಿ. ಅದರ ಮ್ಯಾಲೆ ನೀವು ದೇವರನ್ನ ಕೂಡಿಸಿದ್ರಿ!"

ಅಂಗೈ ಚಾಚಿದಳು. ಅವನು ಕೀಲಿ ಕೊಟ್ಟ.

"ದಾವಲಸಾಬಣ್ಣ, ಉಳಿದದ್ದೆಲ್ಲಾ ಬಣ್ಣ ಹೊಡಿ. ಈ ಗೀರು ಮಾತ್ರ ಬಿಡು. ತುಕ್ಕು ಕೆರೆದು ಮ್ಯಾಲೆ ಬರೇ ವಾರ್ನಿಷ್ ಎಳಿ."

"ಗಾಡಿ ಮಾರೂದೈತೆಲ್ಲ, ಅಕ್ಕಾರ?"

"ಯಾರು ಹೇಳಿದ್ರು?"

ಬಣ್ಣ ಒಣಗಿದ ದಿನ ಆಕೆಯೇ ಬಂದಳು. ನಮ್ಮ ಓಣಿಯಲ್ಲಿ ಹಾರ್ನ್ ಹೊಡೆಯಲಿಲ್ಲ. ಇಳಿದು ಗೇಟು ತೆರೆದು, ಮತ್ತೆ ಕೂತು, ನನ್ನನ್ನು ನೇರ ಒಳಗೆ ಒಯ್ದಳು. ಎರಡೂ ಕಡೆ ನಾಲ್ಕು ಬೆರಳು ಜಾಗ ಉಳಿದಿತ್ತು.

ಆಮೇಲೆ ಬಹಳ ವರ್ಷ ರೊಟ್ಟಿ ಹೊತ್ತೆ. ಈಗ ಆಕೆಗೆ ದೊಡ್ಡ ವ್ಯಾನ್ ಇದೆ. ನಾನು ಗಾಳಿ ಇಳಿದ ಚಕ್ರಗಳ ಮೇಲೆ ಅಂಗಳದ ತಗಡಿನ ಕೆಳಗೆ ಕೂತಿದ್ದೇನೆ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ದಾವಲಸಾಬ ಹೊಡೆದ ಬಿಳಿ ಬಣ್ಣ ಅಲ್ಲಲ್ಲಿ ಹೊಪ್ಪಳೆ ಎದ್ದು ಉದುರುತ್ತಿದೆ. ಹಸಿರು ಪಟ್ಟೆ ಮಾತ್ರ ಹಾಗೇ ಇದೆ. ಇಷ್ಟು ಕಾಲ ಸಿಟ್ಟು ಇಟ್ಟುಕೊಳ್ಳುವುದು ಸರಿಯೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಕ್ಷಮೆ ಕೇಳಿದ್ದರೆ ಅದು ಇಳಿಯುತ್ತಿತ್ತೇನೋ. ಆದರೆ ಚನ್ನವೀರಪ್ಪ ಇಂದಿಗೂ ಬಚ್ಚಲಿಗೆ ಹೋಗುವಾಗ ನನ್ನ ಎಡಗಡೆಯ ಹತ್ತಿರದ ದಾರಿ ಬಿಟ್ಟು, ಬಲಗಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಾನೆ.