ನೀಲಿ ಟರ್ಪಾಲಿನ ಕೆಳಗೆ

ವನಜ ಮತ್ತು ಚಂದ್ರಮತಿ ಮಾತು ಬಿಟ್ಟು ಹನ್ನೊಂದು ವರ್ಷ. ಇಬ್ಬರೂ ಗಂಗೊಳ್ಳಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಅಣ್ಣತಮ್ಮಂದಿರ ಹೆಂಡಂದಿರು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅತ್ತೆ ಕೂರುತ್ತಿದ್ದ ಮೂಲೆಯ ಜಾಗ ಹಿರಿಸೊಸೆ ವನಜಳಿಗೆ ಸಿಗಬೇಕಿತ್ತು. ಮುದುಕಿ ಸಾಯುವ ಮುಂಚೆ ಅದನ್ನು ಕಿರಿಯವಳ ಕೈಗೆ ಕೊಟ್ಟು ಹೋದಳು. ಅಂದಿನಿಂದ ಇಬ್ಬರೂ ಒಂದು ಮೊಳ ದೂರದಲ್ಲಿ ಕೂತು ಮೀನು ಮಾರುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೇಳಲೇಬೇಕಾದ ಮಾತಿದ್ದರೆ ಮಾರ್ಕೆಟ್ಟಿನ ಬೆಕ್ಕಿಗೆ ಹೇಳುತ್ತಿದ್ದರು. ಆ ಬೆಕ್ಕು ಕೇಳಿದಷ್ಟು ಬೈಗುಳವನ್ನು ಆ ಪೇಟೆಯಲ್ಲಿ ಯಾವ ಮನುಷ್ಯನೂ ಕೇಳಿರಲಿಕ್ಕಿಲ್ಲ.

ಎರಡು ವರ್ಷದ ಹಿಂದೆ ವನಜಳ ಬಲಗೈಗೆ ತೊರಕೆ ಮೀನಿನ ಬಾಲದ ಮುಳ್ಳು ಹೊಕ್ಕಿತು. ಗಾಯ ಮಾಯಿತು, ಉರಿ ಮಾಯಲಿಲ್ಲ. ನರ ಕೆಟ್ಟಿದೆ ಎಂದರು ಡಾಕ್ಟರು. ಬಂಗುಡೆ ಹಿಡಿದು ಕಾಲಡಿಯ ಮೆಟ್ಟುಕತ್ತಿಯ ಅಲಗಿಗೆ ಒತ್ತಿದರೆ ಸಾಕು, ಕೆಂಡ ಮುಟ್ಟಿದಂತೆ ಕೈ ಹಿಂದೆ ಬರುತ್ತಿತ್ತು. ಈಗಿನ ಗಿರಾಕಿಗಳಿಗೆ ಮೀನು ಕೊಯ್ದು, ತೊಳೆದು, ಚೀಲಕ್ಕೆ ಹಾಕಿಯೇ ಕೊಡಬೇಕು. ಕೊಯ್ಯಲು ಬಾರದವಳ ಬುಟ್ಟಿಯನ್ನು ಯಾರು ಕೇಳುತ್ತಾರೆ? ಎಲ್ಲ ಪಕ್ಕದ ಚಂದ್ರಮತಿಯ ಹತ್ತಿರ ಹೋಗುತ್ತಿದ್ದರು. ಕೈ ಹೋದರೆ ಜಾಗವೂ ಹೋಗುತ್ತದೆ, ಹೋದರೆ ಅದು ಸೇರುವುದು ಆ ಹೆಂಗಸಿಗೇ ಎಂಬುದು ವನಜಳ ಸಂಕಟ.

ಹಾಗಾಗಿ ಬ್ರಹ್ಮಾವರದ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿದೆ ಎಂದು ಕೇಳಿದವಳೇ ಬಸ್ಸು ಹತ್ತಿದಳು. ಅಲ್ಲಿ ಶ್ರೀಲತಾ ಎಂಬ ಡಾಕ್ಟರು ಅಂಗೈಯ ಚರ್ಮದ ಕೆಳಗೆ ಇಂಜೆಕ್ಷನ್ ಚುಚ್ಚಿ, ಕೈಗೆ ಕಟ್ಟಿಕೊಳ್ಳುವ ಒಂದು ಪುಟ್ಟ ದೀಪ ಕೊಟ್ಟರು. ಅವರೂ ಇದೇ ಸೀಮೆಯ ಶಂಕರನಾರಾಯಣ ಎಂಬ ಊರಿನವರು, ಊರ ಮಾತಿನಲ್ಲೇ ತಿಳಿಸಿ ಹೇಳಿದರು.

"ಈ ಮದ್ದ್ ಸುಮ್ನೆ ಮನಿಕಂಡಿರತ್ತ್. ನೀಲಿ ಬೆಳ್ಕ್ ಬಿದ್ರೆ ಏಳತ್ತ್. ನರದ ತುದಿಯಗೆ ನೋವ್ ಒಳ್ಗೆ ಹೋಪ ಬಾಗ್ಲ್ ಇತ್ತಲೆ, ಅದನ್ನ್ ಮುಚ್ಚತ್ತ್. ದೀಪ ತೆಗ್ದ್ರೆ ಸ್ವಲ್ಪ ಹೊತ್ತಿಗೆ ಪುನಾ ಮನಿಕಂತತ್ತ್."

"ಬಿಸ್ಲಿಗೆ ಹೋರೆ?"

"ಬಿಸ್ಲಗೆ ಎಲ್ಲಾ ಬಣ್ಣವೂ ಇತ್ತ್. ನೀಲಿ ಎಬ್ಸತ್ತ್, ಹಸ್ರ್ ಪುನಾ ಮನಿಸತ್ತ್. ಹಾಂಗಾಯಿ ತೊಂದ್ರೆ ಇಲ್ಲೆ. ದಿನಕ್ಕೆ ಎರಡ್ ಸಲ, ಒಂದೊಂದ್ ಗಂಟೆ ದೀಪ ಕಟ್ಟಿ. ಆದ್ರೆ ನೋವಿಲ್ದೆ ಇಪ್ಪು ಹೊತ್ತಿಗೆ ಕತ್ತಿ, ಬೆಂಕಿ ಮುಟ್ಟುಕಾಗ. ಕೊಯ್ದ್ರೂ ಗೊತ್ತಾತಿಲ್ಲೆ."

ವನಜ ತಲೆಯಾಡಿಸಿದಳು. ಮನಸ್ಸಿನಲ್ಲಿ ಮಾತ್ರ, ಕತ್ತಿ ಮುಟ್ಟದ ಮೀನುಗಾರ್ತಿಗೆ ನೋವಿದ್ದರೇನು, ಇಲ್ಲದಿದ್ದರೇನು ಎಂದುಕೊಂಡಳು.

ಅದೇ ವಾರ ಚಂದ್ರಮತಿ ಹೊಸ ಟರ್ಪಾಲು ತಂದು ಕಟ್ಟಿಸಿದಳು. ಹಳೆಯದು ಮಳೆಗಾಲದಲ್ಲಿ ಹರಿದಿತ್ತು, ನಿಜ. ಆದರೆ ಕಟ್ಟಿಸಿದ ರೀತಿ ನೋಡಬೇಕು. ತನ್ನ ಕಡೆ ಎತ್ತರಕ್ಕೆ ಏರಿಸಿ, ವನಜಳ ಕಡೆ ತಲೆಗೆ ತಾಗುವಷ್ಟು ಇಳಿಸಿದ್ದಳು. ರಸ್ತೆಯಿಂದ ಬರುವವರಿಗೆ ವನಜಳ ಬುಟ್ಟಿ ಕಾಣಬಾರದು, ಅಷ್ಟೇ ಉದ್ದೇಶ. ಅಚ್ಚ ನೀಲಿ ಟರ್ಪಾಲು. ಅದರ ಕೆಳಗೆ ವನಜ, ಅವಳ ಬಂಗುಡೆ, ಮಂಜುಗಡ್ಡೆ ಎಲ್ಲವೂ ನೀಲಿ.

"ಬೆಕ್ಕೇ, ಕೆಲವ್ರಿಗೆ ಬೇರೆಯವ್ರ ಬುಟ್ಟಿ ಕಂಡ್ರೆ ಕಣ್ಣ್ ಉರಿತ್ ಕಾಣ್," ಎಂದಳು ವನಜ. ಬಿಚ್ಚಿ ಎಸೆಯೋಣವೆಂದು ಎದ್ದವಳು ಹಾಗೆಯೇ ಕೂತಳು. ಕೈಯ ಉರಿ ನಿಂತಿತ್ತು.

ಮರುದಿನವೂ ಹಾಗೆಯೇ. ದೀಪ ಮನೆಯಲ್ಲೇ ಬಿಟ್ಟು ಬಂದಿದ್ದಳು, ಆದರೂ ಬೆಳಿಗ್ಗೆ ಕೂತವಳಿಗೆ ಮಧ್ಯಾಹ್ನ ಏಳುವವರೆಗೆ ನೋವಿನ ಸುಳಿವಿಲ್ಲ. ಮದ್ದು ನಾಟಿತು ಎಂದು ಹಿಗ್ಗಿದಳು. ಬೆರಳಿಗೆ ಮೀನಿನ ನುಣುಪು ತಿಳಿಯುತ್ತಿತ್ತು, ತಣ್ಣಗಿನ ನೀರು ತಿಳಿಯುತ್ತಿತ್ತು, ನೋವೊಂದು ತಿಳಿಯುತ್ತಿರಲಿಲ್ಲ. ಮೆಟ್ಟುಕತ್ತಿಯ ಮೇಲೆ ಕಾಲಿಟ್ಟು, ಎರಡು ವರ್ಷದ ಹಠವನ್ನೆಲ್ಲ ತೀರಿಸುವಂತೆ ಸರಸರನೆ ಕೊಯ್ದಳು. ಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ತಿರುಗಿ ಬಂದರು. ಚಂದ್ರಮತಿಯ ಮುಖ ಹುಳ್ಳಗಾದದ್ದನ್ನು ವನಜ ಓರೆಗಣ್ಣಲ್ಲಿ ಕಂಡು ಸುಖಪಟ್ಟಳು.

ಎರಡನೇ ವಾರದ ಒಂದು ದಿನ ಚಂದ್ರಮತಿ ಬೆಕ್ಕಿನ ಕಡೆ ಬಗ್ಗಿ ಹೇಳಿದಳು. "ಬೆಕ್ಕೇ, ಅಲ್ಲ್ ನೆಕ್ಕಬೇಡ. ಅದ್ ಮೀನಿನ್ ನೆತ್ರ್ ಅಲ್ಲ."

ವನಜಳಿಂದ ಅಂಜಲ್ ಮೀನು ಕೊಳ್ಳುತ್ತಿದ್ದ ಹೆಂಗಸು ಅದನ್ನು ಕೇಳಿ, ಮೀನನ್ನು ತಿರುಗಿ ಬುಟ್ಟಿಗೆ ಹಾಕಿ ಎದ್ದು ಹೋದಳು. ವನಜ ಕೈ ನೋಡಿಕೊಂಡಳು. ತೋರುಬೆರಳಲ್ಲಿ ಒಂದು ಗೀರು. ಮೀನು ಕೊಯ್ಯುವವರ ಕೈಯಲ್ಲಿ ಗೀರಿಲ್ಲದ ದಿನ ಯಾವುದು? ಗಿರಾಕಿ ಓಡಿಸಲು ಕಂಡುಕೊಂಡ ಹೊಸ ಉಪಾಯವಿದು ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಬೆಕ್ಕೇ, ಹಾಂಗ್ ಹೇಳ್ದ ಬಾಯಿಗೆ ಹುಳ ಬೀಳ್ಲಿ," ಎಂದಳು.

ಮರುದಿನ ಮತ್ತೆ: "ಬೆಕ್ಕೇ, ಬೆರ್ಳ್ ಕಪ್ಪಾಯ್ತ್ ಕಾಣ್." ಮೂರನೇ ದಿನ, ನಾಲ್ಕನೇ ದಿನ ಅದೇ ರಾಗ. ಆ ನೀಲಿಯಲ್ಲಿ ಎಲ್ಲವೂ ಕಪ್ಪೇ ಎಂದು ವನಜ ತಲೆ ಎತ್ತಲಿಲ್ಲ. ಮನೆಗೆ ಹೋದ ಮೇಲೆ ಕೈ ಸಿಡಿಯುತ್ತಿತ್ತು. ಹಳೆಯ ಉರಿಯೇ ಇರಬೇಕೆಂದು ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗಿದಳು. ಐದನೇ ದಿನ ಬೆಳಿಗ್ಗೆ ಚಳಿಜ್ವರ ಬಂದು ಹಾಸಿಗೆಯಿಂದ ಏಳಲಾಗಲಿಲ್ಲ. ಬೆರಳು ಬದನೆಕಾಯಿಯಂತೆ ಊದಿತ್ತು.

ನಂಜು ಮೂಳೆಗೆ ಇಳಿದಿತ್ತು. ಬ್ರಹ್ಮಾವರದ ಆಸ್ಪತ್ರೆಯಲ್ಲಿ ಬೆರಳಿನ ಎರಡು ಗೆಣ್ಣು ತೆಗೆದರು.

ಶ್ರೀಲತಾ ಮಾರ್ಕೆಟ್ಟಿಗೇ ಬಂದು, ವನಜ ಕೂರುವ ಜಾಗದಲ್ಲಿ ಒಂದು ಬಿಳಿ ಕಾಗದ ಹಿಡಿದು ನೋಡಿದರು. ಕಾಗದ ನೀಲಿಯಾಯಿತು. ಟರ್ಪಾಲು ನೀಲಿಯನ್ನಷ್ಟೇ ಒಳಗೆ ಬಿಟ್ಟು, ಮದ್ದನ್ನು ಮಲಗಿಸುವ ಹಸಿರನ್ನು ತಡೆದಿತ್ತು. ಟಿವಿ, ಮೊಬೈಲು, ಟ್ಯೂಬ್‌ಲೈಟಿನ ಬಗ್ಗೆ ಅವರ ಫಾರಮ್ಮಿನಲ್ಲಿ ಪ್ರಶ್ನೆಗಳಿದ್ದವು, ಟರ್ಪಾಲಿನ ಬಗ್ಗೆ ಇರಲಿಲ್ಲ. ಆಸ್ಪತ್ರೆಗೆ ಮರಳಿದವರ ಸಿಟ್ಟೆಲ್ಲ ಮಂಚದಲ್ಲಿದ್ದವಳ ಮೇಲೆ ತಿರುಗಿತು.

"ಹಗ್ಲಿಡೀ ನೋವಿಲ್ಲೆ ಅಂದೇಳಿ ಒಂದ್ ಫೋನ್ ಮಾಡುಕಾಗ್ದಾ? ಕತ್ತಿ ಮುಟ್ಟಬೇಡಿ ಅಂದಿದ್ದೆ ಅಲ್ದಾ?"

"ನೋವ್ ತೆಗುಕೇ ಅಲ್ದಾ ಡಾಕ್ಟ್ರೇ ನೀವ್ ಮದ್ದ್ ಕೊಟ್ಟದ್ದ್? ನೋವಿಲ್ಲೆ ಅಂದೇಳಿ ದೂರ್ ಕೊಡುದ್ ಯಾರಿಗೆ?"

ಡಾಕ್ಟರು ಪರೀಕ್ಷೆಯ ಪಟ್ಟಿಯಿಂದ ಅವಳ ಹೆಸರು ಹೊಡೆದರು. ದೀಪವನ್ನೂ ವಾಪಸು ತೆಗೆದುಕೊಂಡರು.

ಒಂದು ತಿಂಗಳಾದ ಮೇಲೆ ವನಜ ಮಾರ್ಕೆಟ್ಟಿಗೆ ಬಂದಳು. ಟರ್ಪಾಲು ಅಲ್ಲೇ ಇತ್ತು, ಆದರೆ ಅವಳ ಕಡೆಯ ಹಗ್ಗವನ್ನು ಯಾರೋ ಮೇಲೆತ್ತಿ ಕಟ್ಟಿದ್ದರು. ಬಿಸಿಲು ನೇರ ಅವಳ ಮಣೆಯ ಮೇಲೆ ಬೀಳುತ್ತಿತ್ತು. ಮದ್ದು ಎಂದೋ ಇಳಿದುಹೋಗಿತ್ತು. ಮೊಂಡು ಬೆರಳಿನಿಂದ ಮೊಣಕೈವರೆಗೆ ಹಳೆಯ ಉರಿ, ಅದರ ಮೇಲೆ ಹೊಸದು. ಬುಟ್ಟಿ ಇಳಿಸಿ ಕೂತವಳೇ ಬೆಕ್ಕನ್ನು ಹುಡುಕಿದಳು.

"ಬೆಕ್ಕೇ, ಕೆಲವ್ರ್ ಕಂಡೂ ಕಂಡೂ ಕೂಕಂಡಿದ್ರಲೆ. ನನ್ನ್ ಬೆರ್ಳ್ ಕೊಳೆಯುದನ್ನ್ ಕಾಂತಾ ಕೂಕಂಡಿದ್ರ್. ಬಾಯಿ ಬಿಟ್ಟ್ ಹೇಳುಕಾಗ್ದಾ?"

ಚಂದ್ರಮತಿ ಕತ್ತಿಯಿಂದ ಕಾಲು ತೆಗೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ತಿರುಗಿ ವನಜಳ ಮುಖವನ್ನೇ ನೋಡಿದಳು. ಆ ಕಣ್ಣಿನಲ್ಲಿ ಕನಿಕರವೇನೂ ಇರಲಿಲ್ಲ.

"ನಾಲ್ಕ್ ದಿನ ಹೇಳಿದೆ ಅಕ್ಕ. ನಿನ್ನ್ ಮುಖ ಕಂಡೇ ಹೇಳಿರೆ, ನನ್ನ್ ಮಾತ್ ನೀ ಕೇಣ್ತಿದ್ಯಾ?"

ಕೇಳುತ್ತಿರಲಿಲ್ಲ. ಚಂದ್ರಮತಿ ಟರ್ಪಾಲು ಬಿಚ್ಚಲು ಬಂದಿದ್ದರೂ ಹಠಕ್ಕೇ ಬಿಡುತ್ತಿರಲಿಲ್ಲ. ವನಜಳಿಗೆ ಅದು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದುದಕ್ಕೇ ಚಂದ್ರಮತಿಯ ಮೇಲಿನ ದ್ವೇಷ ಇನ್ನೂ ಒಂದು ಗೇಣು ಏರಿತು. ಮುಖ ತಿರುಗಿಸಿ ಬಂಗುಡೆಯ ಮೇಲೆ ಮಂಜುಗಡ್ಡೆ ಸುರಿದಳು.

ಅಷ್ಟರಲ್ಲಿ ಒಬ್ಬಳು ಗಿರಾಕಿ ಬಂದು ಬುಟ್ಟಿಯ ಮುಂದೆ ಕುಕ್ಕರಿಸಿದಳು. ಕಿವಿರು ಎತ್ತಿ ನೋಡಿ, ಆರು ಬಂಗುಡೆ ಆರಿಸಿಟ್ಟಳು.

"ಕೊಯ್ದ್ ಕೊಡ್ತ್ರ್ಯಾ?"

ವನಜ ಬಲಗೈಯನ್ನು ಮಡಿಲಿನಿಂದ ತೆಗೆದಳು. ಆ ಮೊಂಡು ಬೆರಳನ್ನೇ ಚಂದ್ರಮತಿಯ ಕಡೆ ಚಾಚಿದಳು.

"ಕೊಯ್ಸುದಾರೆ ಅಲ್ಲ್ ಹೋಯ್ನಿ."