ಒಲೆ ಹಚ್ಚದ ಮನೆ

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಉಣ್ಣಿಸುವುದು ನೆರೆಯವರ ಪಾಲು. ಆದರೆ ಈ ಚಳಿಗಾಲ ನುಸೈರಾತ್ ನಿರಾಶ್ರಿತರ ಶಿಬಿರದ ಆ ಓಣಿಯಲ್ಲಿ ಸಾವು ಕಾಣದ ಮನೆಯೆಂದರೆ ವಸ್ಫಿಯಾಳದೊಂದೇ. ಗಂಡ ತೀರಿ ಎಷ್ಟೋ ವರ್ಷ, ಮಕ್ಕಳಾಗಿರಲಿಲ್ಲ. ಕಳೆದುಕೊಳ್ಳಲು ಯಾರೂ ಇಲ್ಲದವಳ ಒಲೆಯೇ ಓಣಿಗೆಲ್ಲ ಉರಿಯತೊಡಗಿತು.

ವಿಮಾನಗಳು ಬಂದುಹೋದಂತೆಲ್ಲ ಪಾತ್ರೆ ದೊಡ್ಡದಾಯಿತು. ಮುರಿದ ಬಾಗಿಲುಗಳ ಕಟ್ಟಿಗೆ ಒಟ್ಟಿ, ‘ಬಿಸ್ಮಿಲ್ಲಾ’ ಎಂದು ಬೇಳೆ ಸುರಿದು, ಬೆಂದದ್ದನ್ನು ಮನೆಮನೆಗೆ ಹೊತ್ತೊಯ್ದಳು. ಕೊನೆಯ ತಟ್ಟೆ ಎದುರುಮನೆಯ ಸಬ್ರಿಯಾಳಿಗೆ. ಮಗ, ಸೊಸೆ, ಮೊಮ್ಮಕ್ಕಳನ್ನು ಮಣ್ಣುಮಾಡಿ ಒಬ್ಬಳೇ ಉಳಿದವಳು. ನಾಲಿಗೆ ಮಾತ್ರ ಹರಿತವಾಗಿಯೇ ಇತ್ತು.

“ಇದೇನೇ, ಬೇಳೆ ಬೇಯ್ಸಿದ್ಯೋ, ಬರೀ ಮುಖ ತೊಳ್ಸಿ ತಂದ್ಯೋ? ಉಪ್ಪೆಲ್ಲಿ?”

“ನಿನ್ನ ನಾಲಿಗೇಲೇ ಬೇಕಾದಷ್ಟಿದೆ, ಸವರ್ಕೊ.”

“ಕೂತ್ಕೊಳೇ. ಒಬ್ಳೇ ತಿಂದ್ರೆ ಗಂಟ್ಲಲ್ಲಿ ಇಳಿಯಲ್ಲ.”

ಮೂರು ದಿನ ಕಳೆದ ಮೇಲೂ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ವಸ್ಫಿಯಾಳಿಗೆ ಇಡೀ ದಿನದಲ್ಲಿ ಆ ಒಂದು ಗಳಿಗೆಯೇ ಮನೆ.

ಒಂದು ಮುಂಜಾನೆ ನೀರಿಗೆ ನಿಂತವರ ಸಾಲಿನ ಮೇಲೆ ಬಾಂಬು ಬಿತ್ತು. ಸಾಲಿನಲ್ಲಿದ್ದ ಸಬ್ರಿಯಾಳನ್ನು ಹೊದಿಕೆಯಲ್ಲಿ ಸುತ್ತಿ ತಂದರು, ಹೂತರು. ಆಮೇಲೆ ಓಣಿಯವರು ಅವಳ ಬಾಗಿಲಲ್ಲಿ ನಿಂತು, “ಸಮಾಧಾನ ಹೇಳೋದಾದ್ರೂ ಯಾರಿಗೆ? ಯಾರೂ ಉಳಿದಿಲ್ವಲ್ಲ” ಎನ್ನುತ್ತ ಚದುರಿದರು. ಪಕ್ಕದಲ್ಲೇ ಇದ್ದ ವಸ್ಫಿಯಾಳತ್ತ ಯಾರೂ ತಿರುಗಲಿಲ್ಲ. ರಕ್ತಸಂಬಂಧವಲ್ಲ, ನೆಂಟಸ್ತಿಕೆಯಲ್ಲ, ಅವಳಿಗೆ ಯಾವ ದುಃಖ?

ಒಳಗೆ ಬಂದು ಬೇಳೆ ತೊಳೆದಳು. ಕಟ್ಟಿಗೆ ಜೋಡಿಸಿದಳು. ಕಡ್ಡಿ ಗೀರಲು ಕೈ ಬರಲಿಲ್ಲ. ಹಚ್ಚಿದರೆ, ಸಬ್ರಿಯಾ ನನಗೇನೂ ಅಲ್ಲವೆಂದು ತಾನೇ ಒಪ್ಪಿದಂತೆ. ಹಚ್ಚದಿದ್ದರೆ ಓಣಿ ಉಪವಾಸ. ಕಡ್ಡಿಪೆಟ್ಟಿಗೆ ಕೆಳಗಿಟ್ಟು, “ನಾವು ಅಲ್ಲಾಹನವರು, ಮರಳುವುದೂ ಅವನೆಡೆಗೇ” ಎಂದು ತುಟಿಯೊಳಗೇ ಓದುತ್ತ ಗೋಡೆಗೊರಗಿದಳು.

ಹೊತ್ತು ವಾಲಿದಾಗ ಪಕ್ಕದ ಮನೆಯ ನಿಹಾಯಾ ಇಣುಕಿದಳು. ನಿನ್ನೆಯಷ್ಟೇ ಮಗನನ್ನು ಹೂತವಳು.

“ಚಿಕ್ಕಮ್ಮಾ, ಹೊಗೆ ಕಾಣ್ಲಿಲ್ಲ, ನೀವೂ ಹೋದ್ರೇನೋ ಅಂತ ಎದೆ ಧಸಕ್ಕಂತು. ಹುಷಾರಿಲ್ವಾ?”

“ಹುಷಾರಾಗಿದೀನಿ ಮಗಳೇ. ಮನೇಲಿ ಸಾವಾಗಿದೆ.”

ನಿಹಾಯಾ ತೊಳೆದಿಟ್ಟ ಬೇಳೆ ನೋಡಿದಳು. ಎದುರಿನ ತೆರೆದ ಬಾಗಿಲು ನೋಡಿದಳು. ಪಾತ್ರೆಯನ್ನೆತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ, ಒಲೆ ಹಚ್ಚಬಾರದಿದ್ದ ನಿಹಾಯಾಳ ಮನೆಯಿಂದ ಹೊಗೆ ಎದ್ದಿತು.

ಕತ್ತಲಾಗುವ ಮೊದಲೇ ತಟ್ಟೆ ಬಂತು.

“ದೇವ್ರು ನಿಮ್ಗೆ ತಾಳ್ಮೆ ಕೊಡ್ಲಿ, ಚಿಕ್ಕಮ್ಮಾ” ಎಂದಳು ನಿಹಾಯಾ, ಸತ್ತವರ ಒಡಹುಟ್ಟಿದವರಿಗೆ ಹೇಳುವ ಹಾಗೆಯೇ. ಉಳಿದ ಮನೆಗಳಿಗೆ ಹಂಚುವುದಿತ್ತು, ನಿಲ್ಲಲಿಲ್ಲ.

ವಸ್ಫಿಯಾ ತಟ್ಟೆಯ ಆಚೆ ಬದಿಯನ್ನು ಹಾಗೇ ಬಿಟ್ಟು ತನ್ನ ಬದಿಯಿಂದ ಉಂಡಳು. ಉಪ್ಪು ಸರಿಯಾಗಿತ್ತು.