ವರ್ಡೆಲ್ ಓದದೆ ಬಿಟ್ಟ ಸಾಲುಗಳು

"ವ್ಯಾನು ತೆಗಿಯಪ್ಪಾ, ಹೆಣ ಹೋಗ್ಬೇಕು!" ಎಂದು ಓರಾ ಛತ್ರಿಯ ತುದಿಯಿಂದ ರೇಡಿಯೋದವರ ವ್ಯಾನಿನ ಬಾಗಿಲು ಕುಟ್ಟಿದಳು.

ಶವದ ಗಾಡಿ ಚರ್ಚಿನಿಂದ ಹೊರಟು ನೂರು ಗಜ ಬಂದಿರಲಿಲ್ಲ, ಸ್ಮಶಾನದ ದಾರಿಗೆ ಅಡ್ಡವಾಗಿ ವ್ಯಾನು ನಿಂತಿತ್ತು. ಅದರಿಂದ ಹೊರಟ ಕಪ್ಪು ತಂತಿ ರಸ್ತೆ ದಾಟಿ ಎದುರು ಬಯಲಿನ ವೇದಿಕೆಯವರೆಗೆ ಹೋಗಿತ್ತು. ದಪ್ಪನೆಯ ಬಿಳಿಯನೊಬ್ಬ ಬೆವರೊರೆಸಿಕೊಳ್ಳುತ್ತ ಕೆಳಗಿಳಿದ.

"ತಪ್ಪಾಯ್ತಮ್ಮ. ತಂತಿ ಬಿಚ್ಚಿ ಸರಿಸ್ಬೇಕು. ಐದೇ ನಿಮಿಷ."

"ಅವಳಿಗೇನು ಅವಸರ ಇಲ್ಲ ಬಿಡು. ಬೇಯ್ತಿರೋರು ನಾವು."

ಹಿಂದಿನ ಕಾರಿನಲ್ಲಿ ಕೂತಿದ್ದ ಲೂರೀನ್‌ಗೆ ದೊಡ್ಡಮ್ಮನ ಮಾತಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎಂಬತ್ತೊಂದು ವರ್ಷದ ತಾಯಿ ವರ್ಡೆಲ್ ಭಾನುವಾರ ತೀರಿಕೊಂಡಿದ್ದಳು. ಶನಿವಾರ ಮಣ್ಣು ಮಾಡೋಣ ಎಂದು ಪಾದ್ರಿ ಹೇಳಿದರೂ ಲೂರೀನ್ ಗುರುವಾರವೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಗುರುವಾರ ಜೂನ್ ಹತ್ತೊಂಬತ್ತು, ಗುಲಾಮಗಿರಿ ಮುಗಿಯಿತೆಂಬ ಸುದ್ದಿ ಟೆಕ್ಸಸ್ಸಿಗೆ ಬಂದು ಮುಟ್ಟಿದ ದಿನ. ನೂರ ಹದಿನೈದು ವರ್ಷ ಕರಿಯರು ತಾವೇ ಕೂಡಿ, ತಾವೇ ಬೇಯಿಸಿ ಮಾಡಿಕೊಂಡು ಬಂದ ಹಬ್ಬ ಅದು. ಸರ್ಕಾರ ಅದಕ್ಕೆ ರಜೆ ಕೊಟ್ಟಿದ್ದು ಇದೇ ಮೊದಲ ವರ್ಷ. ಹಾಗಾಗಿ ಈ ಸಲ ಕೌಂಟಿಯವರ, ಅಂದರೆ ಜಿಲ್ಲಾಡಳಿತದ, ಖರ್ಚಿನಲ್ಲಿ ಶಾಮಿಯಾನ, ಧ್ವನಿವರ್ಧಕ, ರೇಡಿಯೋ.

ಹಬ್ಬದ ಸಮಿತಿಯ ಕ್ಲಿಯೋಟಿಸ್ ಕಾರಿನ ಕಿಟಕಿಗೆ ಬಾಗಿದ. ಎದೆಯ ಮೇಲೆ ಸಮಿತಿಯ ಪಟ್ಟಿ, ಕೈಯಲ್ಲಿ ಅಚ್ಚಾದ ಹಾಳೆ.

"ಲೂರೀನ್, ಇಂಥಾ ಹೊತ್ತಲ್ಲಿ ಕೇಳಬಾರದು. ಆದ್ರೂ... ಹನ್ನೆರಡಕ್ಕೆ ಬಿಡುಗಡೆಯ ಆಜ್ಞೆ ಓದೋಳು ನೀನೇ ತಾನೆ?"

"ಓದ್ತೀನಿ ಅಂತ ನಿನ್ನೇನೇ ಹೇಳಿದ್ನಲ್ಲ ಕ್ಲಿಯೋಟಿಸಣ್ಣ."

"ಪೂರ್ತಿ ಓದ್ತೀಯಾ?"

ಲೂರೀನ್ ಅವನ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ನಲವತ್ತೆಂಟು ವರ್ಷ ಪ್ರತಿ ಹಬ್ಬಕ್ಕೂ ಅದನ್ನು ಓದಿದವಳು ವರ್ಡೆಲ್. 'ಎಲ್ಲ ಗುಲಾಮರೂ ಸ್ವತಂತ್ರರು' ಎಂಬಲ್ಲಿಗೆ ನಿಲ್ಲಿಸಿ, ಹಾಳೆ ಹಿಡಿದುಕೊಂಡೇ ಒಂದು ನಿಮಿಷದ ಮೇಲೆ ಸುಮ್ಮನೆ ನಿಂತಿದ್ದು, ಆಮೇಲೆ ಇಳಿದು ಬರುತ್ತಿದ್ದಳು. ಆಜ್ಞೆಯಲ್ಲಿ ಇನ್ನೂ ಸಾಲುಗಳಿದ್ದವು.

"ಇಷ್ಟು ವರ್ಷ ನಾವು ನಾವೇ ಇದ್ವಿ, ನಡೀತು," ಎಂದ ಕ್ಲಿಯೋಟಿಸ್. "ಇವತ್ತು ಕೌಂಟಿ ಸಾಹೇಬರು ಮುಂದಿನ ಸಾಲಲ್ಲಿ ಕೂತಿರ್ತಾರೆ. ರೇಡಿಯೋದಲ್ಲಿ ಮನೆ ಮನೆಗೂ ಕೇಳುತ್ತೆ. ನಡುವೆ ನಿಂತ್ರೆ ಏನಂತಾರೆ? ಇಸ್ತ್ರಿಯವಳಿಗೆ ಓದೋಕೆ ಬರಲ್ಲ ಅಂತಿದ್ರು. ಈಗ ಮಗಳು, ಟೀಚರು, ಅವಳಿಗೂ ಬರಲ್ಲ ಅಂತಾರೆ. ಈ ರಜೆಗೋಸ್ಕರ ಹನ್ನೊಂದು ವರ್ಷ ಆಫೀಸು ಆಫೀಸು ಅಲೆದಿದೀನಿ ತಾಯಿ. ನಗೆಪಾಟಲು ಮಾಡ್ಬೇಡ."

"ವರ್ಡೆಲ್‌ಗೆ ಓದೋಕೆ ಬರಲ್ಲ ಅಂದೋನ್ಯಾರು? ಕರ್ಕೊಂಬಾ ಇಲ್ಲಿ," ಎಂದು ಓರಾ ಛತ್ರಿ ಎತ್ತಿದಳು.

"ನಾನಂದೆನಾ ಅಕ್ಕಾ? ಊರು ಅನ್ನುತ್ತೆ."

ಊರು ಅನ್ನುತ್ತಿತ್ತು, ನಿಜ. ಮೂರು ವರ್ಷದ ಹಿಂದೆ ಶಾಲೆಯ ಟೀಚರುಗಳ ಕೋಣೆಯಲ್ಲಿ ಒಬ್ಬಳು, "ಉದ್ದ ಪದ ಬಂದ ತಕ್ಷಣ ನಿಮ್ಮಮ್ಮ ನಿಲ್ಲಿಸಿಬಿಡ್ತಾರಂತೆ ಹೌದಾ?" ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ಲೂರೀನ್ ಕೂಡ ನಕ್ಕಳು. ಆ ನಗುವನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಯೋಚನೆ ಮಾಡ್ತೀನಿ," ಎಂದು ಹಾಳೆ ತೆಗೆದುಕೊಂಡಳು. ವ್ಯಾನು ಸರಿಯಿತು.

*

ವರ್ಡೆಲ್ ಹೊಳೆದಂಡೆಯ ಹೋಟೆಲಿನಲ್ಲಿ ನಲವತ್ತೊಂದು ವರ್ಷ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿದಳು. ಜ್ವರ ಬಂದರೂ ಹೋಗುತ್ತಿದ್ದಳು. ಗಂಡ ಸತ್ತ ನಾಲ್ಕನೇ ದಿನ ಹೋದಳು. ಜೂನ್ ಹತ್ತೊಂಬತ್ತಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಮೇಲ್ವಿಚಾರಕಿ ಒಳ್ಳೆಯವಳು. "ಹುಷಾರಿರಲಿಲ್ಲ ಅಂತ ಬರ್ಕೋತೀನಿ ವರ್ಡೆಲ್, ತೊಂದರೆಯಾಗಲ್ಲ," ಎನ್ನುತ್ತಿದ್ದಳು.

"ನಾನು ಗಟ್ಟಿಮುಟ್ಟಾಗಿದೀನಮ್ಮ. ಹಬ್ಬ ಇತ್ತು ಅಂತ ಬರ್ಕೊಳಿ."

"ಅಂಥಾ ಹಬ್ಬ ನಮ್ಮ ಪಟ್ಟಿಯಲ್ಲಿಲ್ಲ."

"ಹಂಗಾದ್ರೆ ಸೇರಿಸ್ಕೊಳಿ."

ಎರಡು ಸಲ ಕೆಲಸ ಹೋಯಿತು. ಎರಡು ಸಲವೂ ತಿಂಗಳೊಳಗೆ ಅವರೇ ಕರೆಕಳಿಸಿದರು. ಅಂಚು ಕೂಡಿಸಿ ಅಷ್ಟು ನೆಟ್ಟಗೆ ಮಡಿಸುವವರು ಬೇರೆ ಸಿಕ್ಕಿರಲಿಲ್ಲ.

ಲೂರೀನ್‌ಗೆ ಹತ್ತು ವರ್ಷವಿದ್ದಾಗ ಆ ಹಬ್ಬದ ಸಂಜೆ ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಕೇಳಿಬಿಟ್ಟಿದ್ದಳು: "ಅಮ್ಮಾ, ನಿಂಗೆ ಓದೋಕೆ ಬರಲ್ವಾ?"

ವರ್ಡೆಲ್ ಕೈ ಒರೆಸಿಕೊಂಡು, ಹಾಳೆ ಬಿಡಿಸಿ, ಮೊದಲಿಂದ ಕೊನೆಯವರೆಗೆ ಎಲ್ಲೂ ತಡವರಿಸದೆ ಓದಿದಳು. ಸ್ವತಂತ್ರರಾದವರು ಈಗಿರುವ ಮನೆಗಳಲ್ಲೇ ಗದ್ದಲವಿಲ್ಲದೆ ಉಳಿದು ಕೂಲಿಗೆ ದುಡಿಯತಕ್ಕದ್ದು, ಸೋಮಾರಿಗಳಾಗಿ ಕೂತರೆ ಯಾರೂ ಸಾಕುವುದಿಲ್ಲ ಎಂಬ ಸಾಲುಗಳನ್ನೂ ಓದಿದಳು.

"ಮತ್ತೆ ಅಲ್ಲಿ ಯಾಕೆ ಓದಲ್ಲ?"

"ನನ್ನಜ್ಜಿ ಅದನ್ನ ಕೇಳ್ಲೇ ಇಲ್ವಲ್ಲ," ಎಂದಳು ವರ್ಡೆಲ್. "ಯಜಮಾನ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಓದ್ದ. ಸ್ವತಂತ್ರರು ಅಂದಿದ್ದು ಕಿವಿಗೆ ಬಿದ್ದ ಕೂಡ್ಲೇ ಅಜ್ಜಿ ತಿರುಗಿ ನಡೆದ್ಳು. ಅವನು ಓದ್ತಾನೇ ಇದ್ದ. ಅವನು ಮುಗಿಸೋ ಹೊತ್ತಿಗೆ ಇವಳು ಗೇಟು ದಾಟಿದ್ಳು. ಅಲ್ಲಿ ಸುಮ್ನೆ ನಿಂತಷ್ಟು ಹೊತ್ತೂ ನಾನು ಅವಳ ಜೊತೆ ನಡೀತೀನಿ ಕಣೇ."

"ಇದನ್ನ ಎಲ್ಲರಿಗೂ ಹೇಳಬಾರ್ದಾ?"

"ಕೇಳಿದ್ರೆ ಹೇಳ್ತೀನಿ. ನೀನು ಕೇಳಿದೆ, ಹೇಳ್ದೆ."

*

ಮಣ್ಣು ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಮುಚ್ಚಿದ ಗುಂಡಿಯ ಬಳಿ ಓರಾ ನಿಂತೇ ಇದ್ದಳು.

"ದೊಡ್ಡಮ್ಮ, ನೀನಾಗಿದ್ರೆ ಏನ್ಮಾಡ್ತಿದ್ದೆ?" ಎಂದಳು ಲೂರೀನ್.

"ನನ್ನ ಕೇಳ್ಬೇಡ. ನಿಜವಾಗ್ಲೂ ಓದೋಕೆ ಬರದೋಳು ನಾನು." ಓರಾ ಅವಳ ತೋಳು ಹಿಡಿದುಕೊಂಡಳು. "ನಡಿ, ಹೊತ್ತಾಯ್ತು."

ಬಯಲಿನಲ್ಲಿ ಮುನ್ನೂರು ಜನರಿದ್ದರು. ಮಾಂಸ ಸುಡುವ ಹೊಗೆ ಮರಗಳ ಕೆಳಗೆ ಕದಲದೆ ನಿಂತಿತ್ತು. ಕೌಂಟಿ ಸಾಹೇಬರು ಮುಂದಿನ ಕುರ್ಚಿಯಲ್ಲಿ ಹಾಳೆ ಬಿಡಿಸಿ ಮೊಣಕಾಲ ಮೇಲೆ ಹರಡಿಕೊಂಡಿದ್ದರು. ರೇಡಿಯೋದವನು ವೇದಿಕೆಯ ಬುಡದಲ್ಲಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಶುರುಮಾಡಿ ಎಂದು ಬೆರಳು ತೋರಿಸಿದ.

ಲೂರೀನ್ ಓದಿದಳು. ಇಪ್ಪತ್ಮೂರು ವರ್ಷ ಪಾಠ ಹೇಳಿದ ಗಂಟಲು ಅದು, ಬಯಲಿನ ಆ ತುದಿಗೂ ಮುಟ್ಟಿತು. "...ಎಲ್ಲ ಗುಲಾಮರೂ ಸ್ವತಂತ್ರರು."

ಮುಂದಿನ ಪದ ಕಣ್ಣೆದುರೇ ಇತ್ತು, ಸುಲಭದ ಪದ. ಅವಳು ಬಾಯಿ ಮುಚ್ಚಿದಳು.

ಸಾಹೇಬರ ಬೆರಳು ಹಾಳೆಯ ಮೇಲೆ ಮುಂದಿನ ಸಾಲಿಗೆ ಹೋಗಿ ನಿಂತಿತು. ಕ್ಲಿಯೋಟಿಸ್ ಅವಳಿಗೆ ನೆನಪಿಸುವವನಂತೆ ಆ ಪದವನ್ನು ತುಟಿಯಲ್ಲೇ ಆಡಿ ತೋರಿಸಿದ. ಹಿಂದೆ ಎಲ್ಲೋ ಯಾರೋ ಕಿಸಕ್ಕೆಂದರು. ಲೂರೀನ್‌ಳ ಮುಖ ಬಿಸಿಯಾಯಿತು. ಈ ನಗು ಅವಳಿಗೆ ಪರಿಚಯದ್ದು. ಅದು ಇಡೀ ಕೌಂಟಿಯ ಅಡುಗೆಮನೆಗಳಲ್ಲಿ ಈಗ ಹಬ್ಬುತ್ತಿರಬಹುದು. ಹಬ್ಬಲಿ. ಅವಳು ಯಜಮಾನನ ಅಂಗಳದಲ್ಲಿ ತಿರುಗಿ ನಿಂತ ಇಪ್ಪತ್ತು ವರ್ಷದ ಹೆಂಗಸಿನ ಬೆನ್ನನ್ನು ನೋಡುತ್ತಿದ್ದಳು. ಹಿಂದಿನಿಂದ ದನಿ ಬರುತ್ತಲೇ ಇದೆ, ಇಲ್ಲೇ ಉಳಿಯಿರಿ, ಇಲ್ಲೇ ದುಡಿಯಿರಿ. ಬರಿಗಾಲು ಬಾವಿಯನ್ನು ದಾಟಿತು, ಹತ್ತಿಯ ಕೊಟ್ಟಿಗೆಯನ್ನು ದಾಟಿತು, ಓಡಲಿಲ್ಲ. ಅವಳ ಪಕ್ಕದಲ್ಲಿ ವರ್ಡೆಲ್.

ಓರಾ ಎದ್ದು ನಿಂತಳು. ಮುದುಕರೆಲ್ಲ ಎದ್ದರು. ಏಕೆಂದು ತಿಳಿಯದವರೂ ಎದ್ದರು. ಕ್ಲಿಯೋಟಿಸ್ ಸಾಹೇಬರ ಕಡೆ ಒಮ್ಮೆ, ವೇದಿಕೆಯ ಕಡೆ ಒಮ್ಮೆ ನೋಡಿದ. ಆಮೇಲೆ ತನ್ನ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ.

ರೇಡಿಯೋದವನು ಮಾತ್ರ ಗಾಬರಿಯಿಂದ ತಂತಿ ಎಳೆದು ನೋಡಿದ, ಗುಂಡಿ ತಿರುಗಿಸಿದ, ಮಾತಾಡಿ ಮಾತಾಡಿ ಎಂದು ಕೈ ಬೀಸಿದ. ಕೊನೆಗೆ ಪೆಟ್ಟಿಗೆಯ ಗಾಜಿಗೆ ಕಣ್ಣು ಹತ್ತಿರ ತಂದ. ದನಿಯ ಮಟ್ಟ ತೋರಿಸುವ ಮುಳ್ಳು, ದನಿಯಿಲ್ಲದಿದ್ದರೆ ತಳಕ್ಕೆ ಬಿದ್ದಿರಬೇಕಾಗಿದ್ದದ್ದು, ಬಿದ್ದಿರಲಿಲ್ಲ. ಬಯಲಿನ ತುಂಬ ರಟ್ಟಿನ ಬೀಸಣಿಗೆಗಳು ಬೀಸುತ್ತಿದ್ದವು, ಒಂದು ಕೂಸು ಕುಂಯ್‌ಗುಟ್ಟಿತು, ಎಲೆಗಳಲ್ಲಿ ಗಾಳಿ ಎದ್ದಿತು. ಅವಕ್ಕೆಲ್ಲ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಅವನು ಅದನ್ನೇ ನೋಡುತ್ತ, ಗುಂಡಿಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದ.